ಇದಕ್ಕಿಂತ ಲೈಟ್ ಬರೋದಿಲ್ಲ ಮೇಡಂ

ಇಂದಿರಾಪುರಂನ ಒಂದು ಮಾಲಿನ ನೆಲಮಹಡಿಯಲ್ಲಿ, ಎಸ್ಕಲೇಟರಿನ ಪಕ್ಕದ ಮೇಕಪ್ ಕೌಂಟರಿನ ಹುಡುಗಿ ಮೊದಲು ಇಂಗ್ಲಿಷಿನಲ್ಲಿ ಮಾತಾಡಿಸಿದಳು. ಯಾವ ದೇಶ ಅಂತ ಕೇಳಿದಳು. ಎದುರಿಗಿದ್ದವಳು ಹಿಂದಿಯಲ್ಲಿ ‘ಕರ್ನಾಟಕ, ಕುಂದಾಪುರ’ ಅಂದಳು. ಹುಡುಗಿ ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಹಿಂದಿಗೆ ಬಂದು, ಕಪಾಟಿನ ಎಡತುದಿಯಿಂದ ಅತ್ಯಂತ ತಿಳಿಬಣ್ಣದ ಬಾಟಲಿ ತೆಗೆದು ಅವಳ ಮುಂಗೈ ಮೇಲೆ ಒಂದು ಗೆರೆ ಎಳೆದಳು. ಬಾಟಲಿಯೊಳಗೆ ಹಾಲಿನ ಕೆನೆಯಂತಿದ್ದದ್ದು ಆ ಕೈಯ ಮೇಲೆ ಬಿದ್ದ ಕೂಡಲೇ ಅರಿಶಿನವಾಯಿತು. ಹುಡುಗಿ ಟಿಶ್ಯೂ ಕೊಟ್ಟಳು. ‘ಇದಕ್ಕಿಂತ ಲೈಟ್ ಬರೋದೇ ಇಲ್ಲ ಮೇಡಂ’ ಅಂದಳು. ಅವಳ ದನಿಯಲ್ಲಿ ತಪ್ಪಿತಸ್ಥ ಭಾವವೇನೂ ಇರಲಿಲ್ಲ. ಈ ಮಾತನ್ನು ಸಾಮಾನ್ಯವಾಗಿ ಹೊಗಳಿಕೆಯಾಗಿ ಹೇಳಿ ಅವಳಿಗೆ ಅಭ್ಯಾಸ.

ಕೈ ಒರೆಸಿಕೊಂಡವಳಿಗೆ ಆಲ್ಬಿನಿಸಂ ಇದೆ. ಕೂದಲು ತೆಂಗಿನ ನಾರಿನ ಎಳೆಯಷ್ಟೇ ಬಣ್ಣದ್ದು, ರೆಪ್ಪೆ ಬಿಳಿ, ಚರ್ಮದ ಕೆಳಗೆ ರಕ್ತ ಹರಿಯುವ ಕಡೆಯೆಲ್ಲ ತಿಳಿಗುಲಾಬಿ. ಕಣ್ಣುಗುಡ್ಡೆ ನಿಂತಲ್ಲಿ ನಿಲ್ಲುವುದಿಲ್ಲ, ಸದಾ ಸಣ್ಣಗೆ ಓಲಾಡುತ್ತದೆ. ನೋಯ್ಡಾದ ಸೆಕ್ಟರ್ 62ರಲ್ಲಿ ಕೆಲಸ. ಕಂಪ್ಯೂಟರಿನ ಅಕ್ಷರ ಎರಡು ಪಟ್ಟು ದೊಡ್ಡದು ಮಾಡಿಕೊಂಡರೆ ಕೆಲಸಕ್ಕೆ ತೊಂದರೆಯಿಲ್ಲ. ವಾಸ ಇಂದಿರಾಪುರಂನ ನ್ಯಾಯಖಂಡದಲ್ಲಿ, ಇನ್ನೊಬ್ಬ ಹುಡುಗಿಯ ಜೊತೆ. ಅಹಿಂಸಾ ಖಂಡ, ನೀತಿ ಖಂಡ, ಜ್ಞಾನ ಖಂಡ, ಅಭಯ ಖಂಡ ಎಂದೆಲ್ಲ ಹೆಸರಿಟ್ಟುಕೊಂಡ ಬಡಾವಣೆಯಿದು. ಎತ್ತರದ ಅಪಾರ್ಟ್‌ಮೆಂಟುಗಳ ನೆರಳು ರಸ್ತೆಯ ಒಂದು ಬದಿಗೆ ಯಾವಾಗಲೂ ಇರುತ್ತದೆ. ಬೆಳಗ್ಗೆ ಯಾವ ಬದಿ, ಸಂಜೆ ಯಾವ ಬದಿ ಎಂಬುದು ಅವಳಿಗೆ ಬಾಯಿಪಾಠ. ಮೇ ತಿಂಗಳಲ್ಲಿ ಬೆಳಗಿನ ಎಂಟಕ್ಕೇ ಶೇರ್ ಆಟೋ ಹಿಡಿದುಬಿಡುತ್ತಾಳೆ.

ಹೀಗಿರುವವಳಿಗೆ ಫೌಂಡೇಶನ್ ಯಾಕೆ ಬೇಕಾಯಿತು? ಮನೆಯವರೂ ಇದನ್ನೇ ಕೇಳಿದ್ದು. ಎರಡು ವರ್ಷದ ಹಿಂದೆ ಎಡಗೆನ್ನೆಯ ಮೂಳೆಯ ಮೇಲೆ ಮರಳುಕಾಗದದಂತೆ ಒರಟಾದ ಒಂದು ಚುಕ್ಕೆ ಎದ್ದಿತ್ತು. ಮೆಲನಿನ್ ಇಲ್ಲದ ಚರ್ಮಕ್ಕೆ ಬಿಸಿಲಿನ ಲೆಕ್ಕ ಬೇರೆ. ಅಂಥ ಚುಕ್ಕೆಯನ್ನು ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದು. ಚರ್ಮವೈದ್ಯರು ದ್ರವ ಸಾರಜನಕ ಹಾಕಿ ಅದನ್ನು ಹೆಪ್ಪುಗಟ್ಟಿಸಿ ಉದುರಿಸಿದರು. ಚುಕ್ಕೆ ಹೋಯಿತು, ಎಂಟಾಣೆಯಗಲದ ಕೆಂಪು ಕಲೆ ಉಳಿಯಿತು. ಆಫೀಸಿನ ವಿಡಿಯೋ ಕಾಲ್‌ಗಳಲ್ಲಿ ಪ್ರತಿ ವಾರ ಯಾರಾದರೊಬ್ಬರು ‘ಮುಖಕ್ಕೆ ಏನಾಯ್ತು’ ಅನ್ನುತ್ತಿದ್ದರು. ಬಣ್ಣದ ಬಗ್ಗೆ ಕೇಳುವವರಿಗೆ ಹೇಳಲು ಅವಳ ಹತ್ತಿರ ಮೂವತ್ತು ವರ್ಷ ಹಳೆಯ ಉತ್ತರವಿದೆ. ಕಲೆಯ ಬಗ್ಗೆ ಹೊಸ ಉತ್ತರ ಹುಡುಕುವ ಉಮೇದು ಇರಲಿಲ್ಲ. ಸಾಲದ್ದಕ್ಕೆ ಡಿಸೆಂಬರಿನಲ್ಲಿ ಊರಲ್ಲಿ ತಂಗಿಯ ಮದುವೆ. ತನ್ನದೇ ಬಣ್ಣದ ಒಂದು ಚೂರು ಬಳಿದು ಆ ಕೆಂಪನ್ನಷ್ಟೇ ಮುಚ್ಚಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

‘ತನ್ನದೇ ಬಣ್ಣದ’ ಎಂಬಲ್ಲಿಯೇ ಇಡೀ ಕಥೆ ಸಿಕ್ಕಿಹಾಕಿಕೊಂಡಿತು.

ಫೌಂಡೇಶನ್ನಿನಲ್ಲಿ ಬಣ್ಣ ಕೊಡುವ ಪದಾರ್ಥ ಮುಖ್ಯವಾಗಿ ನಾಲ್ಕೇ. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಹಳದಿ, ಕೆಂಪು, ಕಪ್ಪಿಗೆ ಮೂರು ಬಗೆಯ ಕಬ್ಬಿಣದ ಆಕ್ಸೈಡ್. ನಮ್ಮ ಕಡೆ ಗೋಡೆಗೆ ಬಳಿಯುತ್ತಿದ್ದ ಕೆಮ್ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡಿನದೇ. ಈ ನಾಲ್ಕರ ಪ್ರಮಾಣ ಬದಲಿಸಿಯೇ ಇಡೀ ಕಪಾಟು ತುಂಬುವುದು. ಗೋಧಿಬಣ್ಣದ ಚರ್ಮಕ್ಕೆ ಕೆಂಪು ಒಂದಿಷ್ಟು ಹೆಚ್ಚಾದರೂ ಯಾರಿಗೂ ತಿಳಿಯುವುದಿಲ್ಲ. ತೀರ ತಿಳಿಬಣ್ಣದ ತುದಿಯಲ್ಲಿ ಹಾಗಲ್ಲ. ಒಂದು ಲೋಟ ಹಾಲಿಗೆ ಒಂದೇ ಹನಿ ಡಿಕಾಕ್ಷನ್ ಬಿದ್ದಂತೆ, ಸ್ವಲ್ಪವೇ ಹಳದಿ ಹೆಚ್ಚಾದರೂ ಮುಖ ಕಾಮಾಲೆಯದ್ದಾಗುತ್ತದೆ. ಹಾಗಾದರೆ ಬಿಳಿಯನ್ನೇ ಹೆಚ್ಚು ಮಾಡಿದರಾಯಿತಲ್ಲ ಎನಿಸಬಹುದು. ಟೈಟಾನಿಯಂ ಡೈಆಕ್ಸೈಡನ್ನು ಗೋಡೆಯ ಪೇಂಟಿಗೆ ಹಾಕುವುದೇ ಅದು ಬೆಳಕನ್ನು ತಡೆಯುತ್ತದೆಂದು. ಅವಳ ಚರ್ಮ ಬೆಳಕನ್ನು ಒಳಕ್ಕೆ ಬಿಟ್ಟುಕೊಂಡು, ರಕ್ತಕ್ಕೆ ತಾಗಿಸಿ, ಗುಲಾಬಿ ಮಾಡಿ ಹೊರಗೆ ಕಳಿಸುತ್ತದೆ. ಅದರ ಮೇಲೆ ಬರೀ ಬಿಳಿ ಬಳಿದರೆ ಸುಣ್ಣ ಹೊಡೆದ ಹಾಗಾಗುತ್ತದೆ. ಬಿಳಿ ಬಣ್ಣ ಮತ್ತು ಬಣ್ಣವಿಲ್ಲದಿರುವುದು ಬೇರೆಬೇರೆ ಎನ್ನುವುದು ಅವಳಿಗೆ ಅರ್ಥವಾಗಿದ್ದು ನಾಲ್ಕನೆಯ ಬಾಟಲಿಯ ಹೊತ್ತಿಗೆ.

ಆನ್‌ಲೈನಿನಲ್ಲಿ ತರಿಸಿದ ಬಾಟಲಿಗಳ ಹೆಸರುಗಳೇ ಒಂದು ಓದು. ಐವರಿ, ಪೋರ್ಸಲಿನ್, ಆಲಬಾಸ್ಟರ್: ಆನೆಯ ದಂತ, ಪಿಂಗಾಣಿ, ಒಂದು ಜಾತಿಯ ಬಿಳಿಕಲ್ಲು. ಕಪ್ಪಿನ ಕಡೆಗೆ ಹೋದರೆ ತಿಂಡಿತೀರ್ಥ ಶುರು: ಹನಿ, ಕ್ಯಾರಮೆಲ್, ಟಾಫಿ, ಮೋಕಾ. ಬಿಳಿಯರನ್ನು ಶೋಕೇಸಿನಲ್ಲಿಟ್ಟು ಕಪ್ಪಗಿನವರನ್ನು ತಿನ್ನಲು ಕೊಟ್ಟ ಹಾಗೆ. ಇದರ ಸಹವಾಸವೇ ಬೇಡ ಎಂದು ಮ್ಯಾಕ್ ಕಂಪನಿ ಅಕ್ಷರ, ಅಂಕಿ ಬಳಸುತ್ತದೆ. ಅಂಕಿ ಕಡಿಮೆಯಾದಷ್ಟೂ ತಿಳಿ. ಆದರೆ ಚಿನ್ನದ ಛಾಯೆಯ ಚರ್ಮಕ್ಕೆ ಎನ್‌ಸಿ, ಗುಲಾಬಿ ಛಾಯೆಗೆ ಎನ್‌ಡಬ್ಲ್ಯೂ. ಅಲ್ಲಿ ಸಿ ಎಂದರೆ ಕೂಲ್, ಡಬ್ಲ್ಯೂ ಎಂದರೆ ವಾರ್ಮ್. ಲೋಕದ ಉಳಿದವರೆಲ್ಲ ಹಳದಿಗೆ ವಾರ್ಮ್, ಗುಲಾಬಿಗೆ ಕೂಲ್ ಅನ್ನುತ್ತಾರೆ. ಈ ತಿರುವುಮುರುವು ಗೊತ್ತಿಲ್ಲದೆ ಎಷ್ಟು ಜನ ಉಲ್ಟಾ ಕೊಂಡಿದ್ದಾರೋ.

ಬಾಟಲಿ ಆರಿಸುವುದಕ್ಕೆ ಮೊದಲು ಅದನ್ನು ಓದಬೇಕಲ್ಲ. ಛಾಯೆಯ ಸಂಖ್ಯೆ ಬಾಟಲಿಯ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿರುತ್ತದೆ. ಅವಳು ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ಓದುತ್ತಾಳೆ. ಅದನ್ನು ನೋಡಿ ಒಂದು ಅಂಗಡಿಯವರು, ಇಲ್ಲಿ ಬೆಲೆ ನೋಡಿ ಆನ್‌ಲೈನಿನಲ್ಲಿ ಕೊಳ್ಳುವವಳಿರಬೇಕೆಂದು ಗದರಿದ್ದೂ ಉಂಟು. ಆಮೇಲೆ ಬೆಳಕಿನ ಸಮಸ್ಯೆ. ಮಾಲಿನ ಹಳದಿ ದೀಪದಲ್ಲಿ ಎಲ್ಲ ಬಣ್ಣವೂ ಎಲ್ಲರಿಗೂ ಒಪ್ಪುತ್ತದೆ. ದವಡೆಯಂಚಿಗೆ ಹಚ್ಚಿಕೊಂಡು ಹೊರಗೆ ಹಗಲು ಬೆಳಕಿನಲ್ಲಿ ಕನ್ನಡಿ ನೋಡಿ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಆ ಹಗಲು ಬೆಳಕಿನಲ್ಲಿ ಅವಳಿಗೆ ಕಣ್ಣೇ ತೆರೆಯಲಾಗುವುದಿಲ್ಲ. ಬಣ್ಣ ಸರಿಯಾಗಿ ಕಾಣುವ ಜಾಗದಲ್ಲಿ ಅವಳಿಗೆ ಕಾಣುವುದಿಲ್ಲ, ಅವಳಿಗೆ ಕಾಣುವ ಜಾಗದಲ್ಲಿ ಬಣ್ಣ ಸರಿಯಿರುವುದಿಲ್ಲ. ಸೆಲ್ಫಿ ತೆಗೆದುಕೊಂಡರೆ ಫೋನು ತಾನಾಗಿಯೇ ಮುಖವನ್ನು ‘ಸರಿ’ ಮಾಡುತ್ತದೆ. ಕೊನೆಗೆ ಗೋಧಿಬಣ್ಣದ ರೂಮ್‌ಮೇಟೇ ಅವಳ ಕಣ್ಣಾದಳು. ಭಾನುವಾರ ಬೆಳಗ್ಗೆ ಬಾಲ್ಕನಿಯ ಬಾಗಿಲಲ್ಲಿ ಅವಳನ್ನು ನಿಲ್ಲಿಸಿ, ಕುತ್ತಿಗೆ ನೋಡಿ, ಕೆನ್ನೆ ನೋಡಿ ‘ಪೀಲಾ’, ‘ಇದೂ ಪೀಲಾ’ ಅನ್ನುತ್ತ ಹೋದಳು.

ಹಚ್ಚಿದಾಗ ಸರಿಯಿದ್ದ ಒಂದೆರಡು ಬಾಟಲಿ ಹತ್ತು ನಿಮಿಷದಲ್ಲಿ ಕಂದಿದವು. ಇದಕ್ಕೆ ಎಲ್ಲರೂ ‘ಆಕ್ಸಿಡೈಸ್ ಆಯಿತು’ ಅನ್ನುತ್ತಾರೆ. ಕಬ್ಬಿಣದ ಹಳದಿ, ಕೆಂಪು ಆಕ್ಸೈಡುಗಳು ಬಾಟಲಿ ಸೇರುವ ಮೊದಲೇ ಪೂರ್ತಿ ಆಕ್ಸಿಡೈಸ್ ಆದವು, ಅದಕ್ಕಿಂತ ಮುಂದೆ ಹೋಗಲು ಅವಕ್ಕೆ ದಾರಿಯಿಲ್ಲ. ದ್ರವ ಆರಿಹೋಗಿ, ಚರ್ಮದ ಜಿಡ್ಡು ಪುಡಿಯನ್ನು ನೆನೆಸಿದಾಗ ಒದ್ದೆ ಮಣ್ಣು ಕಪ್ಪಾಗಿ ಕಾಣುವಂತೆ ಬಣ್ಣ ಗಾಢವಾಗುವುದೇ ಹೆಚ್ಚು. ಕಾರಣ ಏನಾದರಾಗಲಿ, ದುಡ್ಡು ಹೋಯಿತು. ಇಷ್ಟರ ನಡುವೆ ಒಂದು ತಮಾಷೆಯೂ ನಡೆಯಿತು. ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಮುಖದ ಮೇಲೆ ಬಿಳಿ ಪದರ ಉಳಿಸುತ್ತದೆಂದು ದೇಶಕ್ಕೆ ದೇಶವೇ ದೂರುತ್ತದೆ. ಜಾಹೀರಾತುಗಳೆಲ್ಲ ‘ಬಿಳಿ ಪದರ ಉಳಿಯುವುದಿಲ್ಲ’ ಎಂದು ಆಣೆ ಇಡುತ್ತವೆ. ಆ ಬಿಳಿ ಪದರ ಅವಳ ಮುಖದ ಮೇಲೆ ಕಾಣುವುದೇ ಇಲ್ಲ. ಮಾರುಕಟ್ಟೆಯಲ್ಲಿ ಅವಳಿಗೆ ತಾನಾಗಿ ಹೊಂದಿಕೊಂಡ ಏಕೈಕ ವಸ್ತು ಅದು, ಅದನ್ನೀಗ ಎಲ್ಲರೂ ಸೇರಿ ಸುಧಾರಿಸುತ್ತಿದ್ದಾರೆ.

ಬಿಳುಪಿಗಾಗಿ ಇಷ್ಟು ಹಂಬಲಿಸುವ ದೇಶದ ಕಪಾಟಿನಲ್ಲಿ ಬೆಳ್ಳಗಿನವಳಿಗೆ ಬಣ್ಣವಿಲ್ಲದ್ದು ಹೇಗೆ? 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. ಅದರ ಪೊಟ್ಟಣದ ಮೇಲೆ ಬಹುಕಾಲ ಒಂದು ಛಾಯೆಪಟ್ಟಿ ಇರುತ್ತಿತ್ತು. ಇಷ್ಟು ವಾರದಲ್ಲಿ ಈ ಮನೆಯಿಂದ ಆ ಮನೆಗೆ ಎಂದು ತೋರಿಸಲು. ಕಂಪನಿ ಆ ಪಟ್ಟಿಯನ್ನು ತೆಗೆದದ್ದು 2019ರಲ್ಲಿ, ಹೆಸರಿನಿಂದ ‘ಫೇರ್’ ತೆಗೆದದ್ದು 2020ರಲ್ಲಿ. ಫೌಂಡೇಶನ್ನಿನ ಛಾಯೆಪಟ್ಟಿಯೂ ನೋಡಲು ಹಾಗೇ ಇರುತ್ತದೆ, ಕೆಲಸ ಮಾತ್ರ ಬೇರೆ. ಅದರಲ್ಲಿ ಹತ್ತಲಿಕ್ಕಿಲ್ಲ, ನಿನ್ನ ಮನೆ ಯಾವುದೆಂದು ಹುಡುಕಿಕೊಳ್ಳಬೇಕು. ಹೊಸದೇನೂ ಅಲ್ಲ ಇದು: ಹಾಲಿವುಡ್ಡಿಗಾಗಿ ಮ್ಯಾಕ್ಸ್ ಫ್ಯಾಕ್ಟರ್ 1914ರಲ್ಲೇ 12 ಛಾಯೆಗಳ ಕೆನೆಬಣ್ಣ ಮಾಡಿದ್ದ. ನಮ್ಮಲ್ಲಿ ಮೊದಲ ಪಟ್ಟಿಯ ಚಾಳಿ ಎರಡನೆಯದಕ್ಕೂ ಅಂಟಿಕೊಂಡಿದೆ. ಗಿರಾಕಿ ತನ್ನ ಬಣ್ಣಕ್ಕಿಂತ ಒಂದೆರಡು ಮನೆ ಮೇಲಿನದನ್ನೇ ಕೇಳುತ್ತಾಳೆ, ಅಂಗಡಿಯವಳೂ ಅದನ್ನೇ ಕೊಡುತ್ತಾಳೆ. ಹಾಗಾಗಿ ಅಲ್ಲಿನ ಅತಿ ತಿಳಿಯ ಬಾಟಲಿ ಯಾರ ಚರ್ಮವನ್ನೂ ನೋಡಿ ಮಾಡಿದ್ದಲ್ಲ, ಗೋಧಿಬಣ್ಣದವರ ಆಸೆಯನ್ನು ನೋಡಿ ಮಾಡಿದ್ದು. ಆಸೆಯಲ್ಲೂ ಸ್ವಲ್ಪ ಹಳದಿ ಇದ್ದೇ ಇರುತ್ತದೆ. ಪಟ್ಟಿಯ ಇನ್ನೊಂದು ತುದಿಯ ಎಣ್ಣೆಗಪ್ಪಿನ ಹೆಂಗಸರಿಗೆ ಇದೇ ಅಂಗಡಿಗಳಲ್ಲಿ ಆಗುತ್ತಿದ್ದ ಅವಮಾನ ಇದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು, ಅವರ ಸಂಖ್ಯೆಯೂ ದೊಡ್ಡದು. 2017ರ ಸೆಪ್ಟೆಂಬರಿನಲ್ಲಿ ಗಾಯಕಿ ರಿಹಾನ್ನಾಳ ಫೆಂಟಿ ಬ್ಯೂಟಿ ಒಟ್ಟಿಗೇ 40 ಛಾಯೆ ಬಿಟ್ಟಾಗ ಸುದ್ದಿಯಾದದ್ದು ಮುಖ್ಯವಾಗಿ ಕಪ್ಪು ಛಾಯೆಗಳಿಂದ. ಪಟ್ಟಿಯ ಮೇಲ್ತುದಿಯನ್ನೂ ಅವರು ಎಳೆದು ಉದ್ದ ಮಾಡಿದ್ದರಿಂದ ಆಲ್ಬಿನಿಸಂ ಇರುವವರೂ ಖುಷಿಪಟ್ಟಿದ್ದರು.

ಕನ್ನಡದಲ್ಲಿ ಬಿಳುಪಿಗೆ ಎಲ್ಲಿಯವರೆಗೆ ಬೆಲೆ ಎಂಬುದು ಮಾತಿನಲ್ಲೇ ಇದೆ. ‘ಬೆಳ್ಳಗಿದ್ದಾಳೆ’ ಹೊಗಳಿಕೆ. ‘ಕೆಂಪಗಿದ್ದಾಳೆ’ ಇನ್ನೂ ಹೆಚ್ಚಿನದು. ಈಗಿನವರು ಅಂಡರ್‌ಟೋನ್ ಅನ್ನುವುದು ನಮ್ಮಜ್ಜಿಯರಿಗೆ ಹೊಸತಲ್ಲ. ಸಂಸ್ಕೃತದ ‘ಗೌರ’ಕ್ಕೂ ಬಿಳಿ, ಹಳದಿ, ನಸುಗೆಂಪು ಮೂರೂ ಅರ್ಥಗಳುಂಟು. ಇವೆಲ್ಲ ಬಣ್ಣ ಬೆರೆತ ಬಿಳುಪುಗಳು. ಬೆರಕೆ ಇಲ್ಲದ ಬಿಳುಪಿಗೆ ಬಂದಾಗ ಭಾಷೆ ಮುಖ ತಿರುಗಿಸುತ್ತದೆ: ‘ಬಿಳಿಚಿಕೊಂಡಿದೆ’ ಎಂದರೆ ರೋಗ. ಶಾಲೆಯಲ್ಲಿ ಅವಳನ್ನು ಕರೆಯುತ್ತಿದ್ದದ್ದು ಬಿಳಿ ಜಿರಳೆ ಎಂದು. ಉತ್ತರಕ್ಕೆ ಬಂದ ಮೇಲೆ ಹೆಸರು ಬದಲಾಯಿತು. ಇಲ್ಲಿ ಆಲ್ಬಿನಿಸಂ ಇರುವವರಿಗೆ ಜನ ‘ಸೂರಜ್‌ಮುಖಿ’ ಅನ್ನುತ್ತಾರೆ. ಸೂರ್ಯನ ಕಡೆ ಮುಖ ಮಾಡಲಾರದವರಿಗೆ ಸೂರ್ಯಕಾಂತಿಯ ಹೆಸರು ಯಾರಿಟ್ಟರೋ. ದೆಹಲಿಯ ಸ್ಮಾರಕಗಳ ಟಿಕೆಟ್ ಕಿಟಕಿಯಲ್ಲಿ ಭಾರತೀಯರಿಗೊಂದು, ವಿದೇಶೀಯರಿಗೊಂದು ದರ; ಅವಳು ಆಧಾರ್ ಕಾರ್ಡು ಕೈಯಲ್ಲಿ ಹಿಡಿದೇ ಸಾಲಿನಲ್ಲಿ ನಿಲ್ಲುತ್ತಾಳೆ.

ಮೇಕಪ್ಪಿನ ಹಳೆಯ ಗಾಯವೊಂದು ಅವಳಿಗಿತ್ತು. ಹದಿನೆಂಟರಲ್ಲಿ ದೊಡ್ಡಮ್ಮನ ಮಗಳ ಮದುವೆಗೆ ಮನೆಯ ಹೆಂಗಸರೆಲ್ಲ ಪಾರ್ಲರಿಗೆ ಹೋಗಿದ್ದರು. ಅಲ್ಲಿಯವಳು ಕೇಳದೇ ಕೇಳದೇ ಇವಳ ಮುಖಕ್ಕೆ ಗೋಧಿಬಣ್ಣ ಬಳಿದಳು, ಹುಬ್ಬಿಗೆ ಕಪ್ಪು ತೀಡಿದಳು. ಕನ್ನಡಿಯಲ್ಲಿ ಕಂಡದ್ದು ಯಾರೋ. ಸುತ್ತಲಿನವರು ಮಾತ್ರ ‘ಈಗ ಕಾಣು, ಎಲ್ಲರ ಹಾಗೇ ಕಾಣತ್ತ್’ ಎಂದು ಸಂಭ್ರಮಪಟ್ಟರು. ಕುತ್ತಿಗೆ, ಕಿವಿ, ಕೈ ಹಾಗೇ ಬಿಟ್ಟಿದ್ದಳು. ಆಲ್ಬಮ್ಮಿನಲ್ಲಿ ಬಿಳಿಯ ದೇಹದ ಮೇಲೆ ಬೇರೊಬ್ಬರ ಮುಖ ಇಟ್ಟಂತೆ ಆ ಫೋಟೋ ಇದೆ. ಅಂದು ಅವಳಿಗೆ ಕೋಪ ಬಂದದ್ದು ಬಣ್ಣ ಬಳಿದದ್ದಕ್ಕಲ್ಲ, ಅಮ್ಮನ ಮುಖದಲ್ಲಿ ಕಂಡ ನೆಮ್ಮದಿಗೆ.

ತಂಗಿಯ ಮದುವೆಯ ಮಾತು ಬಂದಾಗ ಅದೇ ಮತ್ತೆ ಬಂತು. ಹುಡುಗನ ಕಡೆಯವರು ನೇರವಾಗಿ ಏನೂ ಅನ್ನಲಿಲ್ಲ. ‘ಅಕ್ಕನದ್ದು ಮನೆತನದಲ್ಲಿ ಬರುವಂಥದ್ದಾ’ ಎಂದು ಮಧ್ಯವರ್ತಿಯ ಮೂಲಕ ಕೇಳಿಸಿದರು. ಅಪ್ಪ ಅಮ್ಮ ಅತ್ತೆಮಗಳು ಮಾವನಮಗ. ಇಬ್ಬರ ಹತ್ತಿರವೂ ಕೆಟ್ಟ ಪ್ರತಿಯೊಂದು ಅಡಗಿ ಕೂತಿದ್ದು, ಎರಡೂ ಒಂದೇ ಮಗುವಿಗೆ ಬಂದಾಗ ಮಾತ್ರ ಆಲ್ಬಿನಿಸಂ ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಳ್ಳದ ತಂಗಿಯ ಹತ್ತಿರ ಒಂದು ಪ್ರತಿ ಇರುವ ಸಂಭವ ಮೂರರಲ್ಲಿ ಎರಡು ಪಾಲು. ಗಂಡನ ಹತ್ತಿರವೂ ಅದೇ ಇಲ್ಲದಿದ್ದರೆ ಮಕ್ಕಳಿಗೆ ಆಲ್ಬಿನಿಸಂ ಬರುವುದಿಲ್ಲ. ತಂಗಿಯೇ ಇದನ್ನೆಲ್ಲ ಓದಿಕೊಂಡು ಹುಡುಗನಿಗೆ ಫೋನಿನಲ್ಲಿ ವಿವರಿಸಿದಳು, ಅವನು ಒಪ್ಪಿದ, ಅಲ್ಲಿಗೆ ಮುಗಿಯಿತು. ಮುಗಿಯದೇ ಉಳಿದವರು ಅತ್ತೆ. ಇಂದಿರಾಪುರಕ್ಕೆ ಫೋನ್ ಮಾಡಿ, ‘ಆ ದಿವ್ಸ ಒಂದಿನ ಚೂರು ಬಣ್ಣ ಹಚ್ಕಂಡ್ರೆ ಎಂತಾತ್ತ್ ಹೆಣೆ? ಫೋಟೋದಲ್ಲಿ ಎಲ್ಲ ಒಂದೇ ಕಂಡಂಗಾತ್ತ್’ ಅಂದರು. ಕೆಟ್ಟವರಲ್ಲ ಅತ್ತೆ. ಚಿಕ್ಕಂದಿನಲ್ಲಿ ಅವಳಿಗೆ ಉದ್ದ ತೋಳಿನ ಅಂಗಿಗಳನ್ನು ಹೊಲಿದುಕೊಟ್ಟವರು ಅವರೇ.

‘ಬಣ್ಣ ಹಚ್ಚಿಕೊಳ್ಳುತ್ತೇನೆ, ನನ್ನದೇ ಬಣ್ಣ ಹುಡುಕುತ್ತಿದ್ದೇನೆ’ ಅಂದಳು. ಅತ್ತೆಗೆ ಅರ್ಥವಾಗಲಿಲ್ಲ.

ಅಕ್ಟೋಬರ್ ಬಂದರೂ ಬಣ್ಣ ಸಿಕ್ಕಿರಲಿಲ್ಲ. ಹೊರದೇಶದಿಂದ ಬಂದ ಸಹೋದ್ಯೋಗಿಯೊಬ್ಬಳು ತಂದುಕೊಟ್ಟದ್ದು ತುಂಬ ಹತ್ತಿರಕ್ಕೆ ಬಂತು, ಆದರೂ ಒಂದು ಮನೆ ಗಾಢ. ಬೆಲೆ ಕೇಳಿದ ಮೇಲೆ ಎರಡನೆಯ ಬಾಟಲಿಯ ಆಸೆ ಬಿಟ್ಟಳು. ಆಗ ನೆನಪಾದದ್ದು ಚೌಕಿ. ಊರಿನ ಗದ್ದೆಯಲ್ಲಿ ಮಂದಾರ್ತಿ ಮೇಳದ ಬಯಲಾಟ ಆದಾಗಲೆಲ್ಲ ಅವಳಿಗೆ ಇಷ್ಟದ ಜಾಗ ಅದು. ಆಟ ರಾತ್ರಿಯದು, ಬಿಸಿಲಿಲ್ಲ. ರಂಗಸ್ಥಳ ದೂರ, ಕಾಣುವುದಿಲ್ಲ. ಚೌಕಿಯಲ್ಲಿ ಮಾತ್ರ ವೇಷಧಾರಿಗಳ ಪಕ್ಕಕ್ಕೇ ಹೋಗಿ ಕೂರಬಹುದಿತ್ತು. ಒಬ್ಬೊಬ್ಬರೂ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯಲ್ಲಿ ಪುಟ್ಟ ಕನ್ನಡಿ ಹಿಡಿದು, ತಮ್ಮ ಮುಖ ತಾವೇ ಬರೆದುಕೊಳ್ಳುತ್ತಿದ್ದರು. ಬಿಳಿಯ ಸಫೇದ, ಹಳದಿಯ ಅರದಾಳ, ಕೆಂಪಿನ ಇಂಗಳೀಕ, ತೆಂಗಿನೆಣ್ಣೆ. ಅಂಗೈಯಲ್ಲಿ ಕಲಸುವುದು, ಕೆನ್ನೆಗೆ ಒಂದು ಬೆರಳು ಮುಟ್ಟಿಸಿ ನೋಡುವುದು, ಮತ್ತೊಂದು ಚಿಟಿಕೆ ಹಾಕುವುದು. ಬಾಟಲಿ, ನಂಬರು ಏನೂ ಇಲ್ಲ. ಎರಡು ಮುಖಕ್ಕೆ ಒಂದೇ ಹದ ಬರುತ್ತಲೂ ಇರಲಿಲ್ಲ. (ಅರದಾಳ ಎಂದರೆ ಆರ್ಸೆನಿಕ್, ಇಂಗಳೀಕ ಎಂದರೆ ಪಾದರಸ, ಆ ಕಾಲವನ್ನು ಹೊಗಳುವಾಗ ಇದನ್ನೂ ನೆನಪಿಡುವುದು ಒಳ್ಳೆಯದು.)

ಮೇಕಪ್ ಕಲಾವಿದರು ಬಳಸುವ ಬಿಳಿ ಮಿಕ್ಸರ್ ಎಂಬುದೊಂದು ಸಿಗುತ್ತದೆ, ಯಾವುದೇ ಫೌಂಡೇಶನ್ನನ್ನು ತಿಳಿ ಮಾಡಲು. ಕಿತ್ತಳೆಗೆ ತಿರುಗುವ ಬಣ್ಣವನ್ನು ಹಿಡಿದು ನಿಲ್ಲಿಸಲು ನೀಲಿ ಮಿಕ್ಸರೂ ಇದೆ. ಬಿಳಿ ಬಟ್ಟೆಯ ಹಳದಿ ಕಳೆಯಲು ಅಜ್ಜಿ ನೀಲಿ ಅದ್ದುತ್ತಿದ್ದಳಲ್ಲ, ಅದೇ ಲೆಕ್ಕ. ಅವೆರಡನ್ನೂ, ಗುಲಾಬಿ ಛಾಯೆಯ ಒಂದು ಐವರಿಯನ್ನೂ ಇಟ್ಟುಕೊಂಡು ಮೂರು ಭಾನುವಾರ ಬಾಲ್ಕನಿ ಬಾಗಿಲಲ್ಲಿ ಕೂತಳು. ಸುಣ್ಣವಾಗದಂತೆ ಬಣ್ಣವಿಲ್ಲದ ಮಾಯಿಶ್ಚರೈಸರ್ ಸೇರಿಸಿ ತೆಳುಮಾಡಬೇಕೆಂದು ಎರಡನೆಯ ವಾರ ಹೊಳೆಯಿತು. ರೂಮ್‌ಮೇಟ್ ‘ಪೀಲಾ’ದಿಂದ ‘ಚೂನಾ’ಕ್ಕೆ, ಚೂನಾದಿಂದ ‘ಗುಲಾಬಿ ಜ್ಯಾದಾ’ಕ್ಕೆ ಬಂದಳು. ಮೂರನೆಯ ಭಾನುವಾರ ಅವಳು ಕೆನ್ನೆಯನ್ನು ತುಂಬ ಹೊತ್ತು ನೋಡಿ, ‘ಎಲ್ಲಿ ಹಚ್ಚಿದ್ದೀ?’ ಎಂದು ಕೇಳಿದಳು. ಐವರಿ ಒಂದು, ಬಿಳಿ ಎರಡು, ಮಾಯಿಶ್ಚರೈಸರ್ ಎರಡು, ನೀಲಿ ಸೂಜಿಮೊನೆಯಷ್ಟು. ಖಾಲಿ ಡಬ್ಬಿಯೊಂದರ ಮುಚ್ಚಳದ ಮೇಲೆ ಅದನ್ನು ದಪ್ಪ ಮಾರ್ಕರಿನಲ್ಲಿ ಬರೆದಳು, ಫೋನಿಲ್ಲದೆ ಓದುವಷ್ಟು ದೊಡ್ಡಕ್ಕೆ.

ಮದುವೆಯ ದಿನ ಪಾರ್ಲರಿನವಳು ಬಂದಾಗ ಇವಳು ಡಬ್ಬಿಯನ್ನು ಮುಂದಿಟ್ಟು, ಕಲೆಯ ಮೇಲಷ್ಟೇ ಸಾಕು, ರೆಪ್ಪೆ ಹುಬ್ಬು ಮುಟ್ಟುವುದು ಬೇಡ ಅಂದಳು. ಅವಳು ಬೆರಳಿಗೆ ಹಚ್ಚಿಕೊಂಡು ನೋಡಿ ಎಲ್ಲಿ ಸಿಗುತ್ತದೆಂದು ಕೇಳಿದಳು. ಅತ್ತೆ ಬಂದು ಹತ್ತಿರದಿಂದ ನೋಡಿ, ‘ಎಂತದೂ ಹಚ್ಚಲೇ ಇಲ್ಯಲೆ’ ಅಂದರು. ಆಮೇಲೆ ಅವರೇ ಸೆರಗಿಗೆ ಪಿನ್ನು ಹಾಕಿಕೊಟ್ಟರು.

ಜನವರಿಯಲ್ಲಿ, ಇಂದಿರಾಪುರದಲ್ಲಿ ಎದುರಿನ ಕಟ್ಟಡವೂ ಕಾಣದಷ್ಟು ಮಂಜು ಕವಿದಿದ್ದ ಒಂದು ಬೆಳಗ್ಗೆ ಆಲ್ಬಮ್ಮಿನ ಫೈಲು ಬಂತು. ಮಂಜಿನ ದಿನಗಳೆಂದರೆ ಅವಳಿಗೆ ಇಷ್ಟ, ಕಣ್ಣು ಪೂರ್ತಿ ಬಿಡಬಹುದು. ಒಂದೊಂದೇ ಫೋಟೋ ಹಿಗ್ಗಿಸಿ ನೋಡುತ್ತ ಹೋದಳು. ಧಾರೆಯ ಹೊತ್ತಿನದರಲ್ಲಿ ತಂಗಿಯ ಪಕ್ಕದಲ್ಲಿ ನಿಂತವಳ ಮುಖ, ಕುತ್ತಿಗೆ, ಕೈ ಎಲ್ಲವೂ ಒಂದೇ ಹದದ ಗೋಧಿಬಣ್ಣ. ಈ ಸಲ ಕಿವಿಯನ್ನೂ ಮರೆತಿರಲಿಲ್ಲ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಕೂತು, ಪ್ರತಿ ಫೋಟೋದಲ್ಲೂ ಹುಡುಕಿ ತಿದ್ದಿದ್ದ.

ಫೋನ್ ಮಾಡಿದಳು. ಅವನು ಗಾಬರಿಯಾದ. ಲೈಟಿಂಗ್ ತಪ್ಪಾಗಿ ಬಂದಿದೆ ಅಂದುಕೊಂಡೆ ಅಕ್ಕ, ನಿಮಗೆ ಖುಷಿಯಾಗಬಹುದು ಅಂತ ಮಾಡಿದೆ, ಇದಕ್ಕೆ ಎಕ್ಸ್‌ಟ್ರಾ ಚಾರ್ಜ್ ಹಾಕಿಲ್ಲ ಅಂದ. ತಿದ್ದದ ಫೈಲು ಇದೆಯಾ ಎಂದು ಕೇಳಿದಳು. ಇದೆ, ಹುಡುಕಬೇಕು, ಎರಡು ದಿನ ಕೊಡಿ ಅಂದ. ನಾಲ್ಕು ದಿನಕ್ಕೆ ಬಂತು, ಇಪ್ಪತ್ತಮೂರು ಫೋಟೋ. ಧಾರೆಯದನ್ನು ಆರಿಸಿ ಮನೆಯ ಗುಂಪಿಗೆ ಹಾಕಿದಳು. ತಂಗಿ ಮೂರು ಹೃದಯ ಕಳಿಸಿದಳು. ಅಮ್ಮ ತುಂಬ ಹೊತ್ತಿನ ಮೇಲೆ ಬರೆದಳು: ‘ಆ ಕಲೆ ಎಲ್ಲಿ ಹೋಯ್ತು?’